ಸಸ್ಪೆಂಡ್‌ನಿಂದ ಎದ್ದ ಮೇಲೆ ಲ್ಯಾನ್ ಲೈಟ್ ಉರಿಯುತ್ತೆ, ನೆಟ್ ಮಾತ್ರ ಬರಲ್ಲ

ಮುಚ್ಚಳ_ಮುಚ್ಚಿದೆ:
ತಲೆ ಕೆಟ್ಟು ಹೋಗಿದೆ, ಯಾರಾದ್ರೂ ಸ್ವಲ್ಪ ನೋಡಿ. ಲಿನಕ್ಸ್ ಲ್ಯಾಪ್‌ಟಾಪ್, ಕೇಬಲ್ ಹಾಕಿರೋ ಗಿಗಾಬಿಟ್ ಲ್ಯಾನ್, ಚಿಪ್ ಬೋರ್ಡ್ ಮೇಲೇ ಇದೆ. ಡ್ರೈವರ್ ಕರ್ನಲ್ ಜೊತೆ ಬಂದಿದ್ದಲ್ಲ, ಚಿಪ್ ಮಾಡಿದೋರು ಕೊಟ್ಟ ಸೋರ್ಸ್ ತಂದು ಬಿಲ್ಡ್ ಮಾಡಿ ಹಾಕಿರೋದು. ಬೂಟ್ ಆದಾಗಿಂದ ಮಲಗೋವರೆಗೂ ಏನೂ ತೊಂದ್ರೆ ಇಲ್ಲ, ಲಿಡ್ ಮುಚ್ಚಿ ತೆಗೆದ್ರೆ ಮುಗೀತು. ಪೋರ್ಟ್ ಲೈಟ್ ಉರೀತಿರುತ್ತೆ, ಇಂಟರ್‌ಫೇಸ್ ಅಪ್ ಅಂತಾನೇ ತೋರ್ಸುತ್ತೆ, ಐಪಿ ಅಡ್ರೆಸ್ ಹಾಗೇ ಇರುತ್ತೆ, ಸ್ಪೀಡ್ 1000 ಫುಲ್ ಡ್ಯೂಪ್ಲೆಕ್ಸ್ ಅಂತಾನೂ ಹೇಳುತ್ತೆ, ಆದ್ರೆ ರೂಟರ್‌ಗೇ ಪಿಂಗ್ ಹೋಗಲ್ಲ. ಇಂಟರ್‌ಫೇಸ್ ಡೌನ್ ಮಾಡಿ ಅಪ್ ಮಾಡಿದ್ರೂ ಅಷ್ಟೇ. ಡ್ರೈವರ್ ಮಾಡ್ಯೂಲ್ (ಕರ್ನಲ್‌ಗೆ ಸೇರಿಸಿರೋ ಡ್ರೈವರ್ ತುಂಡು) ಕಿತ್ತು ಮತ್ತೆ ಹಾಕಿದ್ರೆ ಮಾತ್ರ ಸರಿ ಹೋಗುತ್ತೆ. ಕರ್ನಲ್ ಲಾಗಲ್ಲಿ ಒಂದೂ ಎರರ್ ಇಲ್ಲ, ಅದೇ ಜಾಸ್ತಿ ಸಿಟ್ಟು ಬರೋದು.

ಸುಮ್ನೆ_ರೀಬೂಟ್:
ಇದಕ್ಕೆ ಯಾಕ್ ಗುರು ಇಷ್ಟು ಒದ್ದಾಡ್ತೀಯ. ಸಿಸ್ಟಮ್‌ಡಿಯ ಸಿಸ್ಟಮ್-ಸ್ಲೀಪ್ ಫೋಲ್ಡರ್‌ಗೆ ಒಂದು ಸ್ಕ್ರಿಪ್ಟ್ ಹಾಕು, ಮಲಗೋ ಮುಂಚೆ ಅದಕ್ಕೆ ಪ್ರೀ ಅಂತ, ಎದ್ದ ಮೇಲೆ ಪೋಸ್ಟ್ ಅಂತ ಆರ್ಗ್ಯುಮೆಂಟ್ ಬರುತ್ತೆ. ಪ್ರೀ ಬಂದ್ರೆ ಮಾಡ್ಯೂಲ್ ತೆಗಿ, ಪೋಸ್ಟ್ ಬಂದ್ರೆ ಹಾಕು. ನಾಲ್ಕು ಲೈನು, ಮರೆತುಬಿಡು.

ರಿಂಗ್_ಬಫರ್:
ನೆಗಡಿ ಬಂತು ಅಂತ ಮೂಗು ಕೊಯ್ಕೊಂಡ ಹಾಗಾಯ್ತು ಅದು. ಮಾಡ್ಯೂಲ್ ಕಿತ್ರೆ ಇಂಟರ್‌ಫೇಸೇ ಮಾಯ, ಬ್ರಿಡ್ಜ್ ಜೊತೆಗಿದ್ದ ಜೋಡಣೆ, ಅದರ ಮೇಲೆ ಕೂತಿದ್ದ ವಿಲ್ಯಾನು, ಕೈಯಲ್ಲಿ ಹಾಕಿದ್ದ ರೂಟು ಎಲ್ಲಾ ಅದರ ಜೊತೆ ಹೋಗುತ್ತೆ. ಅರ್ಜೆಂಟಿಗೆ ಮಾಡ್ಕೊಳ್ಳಿ, ಬೇಡ ಅನ್ನಲ್ಲ. ಆದ್ರೆ ಕಿತ್ತು ಹಾಕಿದ್ರೆ ಸರಿ ಹೋಗುತ್ತೆ ಅನ್ನೋದೇ ಒಳ್ಳೆ ಸುಳಿವು: ಪ್ರೋಬ್ ಆಗುವಾಗ (ಡ್ರೈವರ್ ಕಾರ್ಡನ್ನ ಮೊದಲ ಸಲ ಹಿಡಿಯುವಾಗ) ನಡೆಯೋ ಯಾವುದೋ ಒಂದು ಕೆಲಸ ರೆಸ್ಯೂಮ್ ಆಗುವಾಗ (ನಿದ್ದೆಯಿಂದ ಏಳುವಾಗ) ನಡೀತಿಲ್ಲ. ಅದು ಯಾವ್ದು ಅಂತ ಹಿಡೀಬೇಕು ಅಷ್ಟೇ.

ಸ್ವಲ್ಪ ಹಿನ್ನೆಲೆ ಹೇಳ್ತೀನಿ, ಗೊತ್ತಿರೋರು ಸ್ಕ್ರಾಲ್ ಮಾಡ್ಕೊಂಡು ಹೋಗಿ. ಎಸ್3 ನಿದ್ದೆಯಲ್ಲಿ ರ‍್ಯಾಮ್‌ಗೆ ಕರೆಂಟ್ ಉಳಿಯುತ್ತೆ, ಕಾರ್ಡ್‌ಗೆ ಸಾಮಾನ್ಯವಾಗಿ ಇರಲ್ಲ, ಅಂದ್ರೆ ಡಿ3ಕೋಲ್ಡ್ ಸ್ಥಿತಿ. ಎದ್ದಾಗ ಕಾರ್ಡ್ ಹೊಸದಾಗಿ ಪವರ್ ಕೊಟ್ಟ ಕಾರ್ಡೇ, ಅದಕ್ಕೆ ಹಿಂದಿನದು ಏನೂ ನೆನಪಿಲ್ಲ. ಆದ್ರೆ ಡ್ರೈವರ್‌ನ ನೆನಪು ರ‍್ಯಾಮಲ್ಲಿ ಹಾಗೇ ಇದೆ, ಅದು ಏನೂ ಆಗೇ ಇಲ್ಲ ಅನ್ಕೊಂಡಿರುತ್ತೆ. ಈ ಎರಡನ್ನ ಮತ್ತೆ ಒಂದು ಮಾಡೋದೇ ರೆಸ್ಯೂಮ್ ಫಂಕ್ಷನ್ ಕೆಲಸ. ಪಿಸಿಐ (ಕಾರ್ಡ್ ಕೂತಿರೋ ಬಸ್) ಕಾನ್ಫಿಗ್ ಸ್ಪೇಸ್ ಇದ್ಯಲ್ಲ, ಬಾರ್ ಅಡ್ರೆಸ್‌ಗಳು (ಕಾರ್ಡ್‌ನ ರಿಜಿಸ್ಟರ್, ಅಂದ್ರೆ ಚಿಪ್ ಒಳಗಿನ ಸೆಟ್ಟಿಂಗ್ ಗೂಡುಗಳು, ಎಲ್ಲಿ ಸಿಗುತ್ತೆ ಅಂತ ಹೇಳೋದು), ಬಸ್ ಮಾಸ್ಟರ್ ಬಿಟ್ (ಕಾರ್ಡ್ ತಾನೇ ಮೆಮೊರಿ ಮುಟ್ಟೋಕೆ ಅನುಮತಿ), ಎಂಎಸ್‌ಐ ಸೆಟ್ಟಿಂಗು (ಇಂಟರಪ್ಟ್, ಅಂದ್ರೆ ಸಿಪಿಯುನ ಕರೆಯೋ ಸಿಗ್ನಲ್, ಕಳಿಸೋ ರೀತಿ), ಅದನ್ನೆಲ್ಲ ಕರ್ನಲ್‌ನ ಪಿಸಿಐ ಕೋರ್ ತಾನೇ ಸೇವ್ ಮಾಡಿ ತಾನೇ ವಾಪಸ್ ಬರೆಯುತ್ತೆ, ಅದೂ ನೋಐಆರ್‌ಕ್ಯು (ಇಂಟರಪ್ಟ್ ಇನ್ನೂ ಆಫ್ ಇರೋ) ಹಂತದಲ್ಲೇ, ಡ್ರೈವರ್‌ನ ರೆಸ್ಯೂಮ್ ಕರೆಯೋಕ್ ಮುಂಚೆ. ಜನ ಇಲ್ಲೇ ಎಡವೋದು, ಪಿಸಿಐ ಸ್ಟೇಟ್ ರಿಸ್ಟೋರ್ ಆಯ್ತಲ್ಲ ಇನ್ನೇನು ಅಂತ. ಬಾರ್‌ನ ಆ ಕಡೆ ಏನಿದೆ ಅಂತ ಪಿಸಿಐ ಕೋರ್‌ಗೆ ಗೊತ್ತೇ ಇರಲ್ಲ. ಮ್ಯಾಕ್ ಅಡ್ರೆಸ್ (ಕಾರ್ಡ್‌ನ ಗುರುತಿನ ನಂಬರ್), ಮಲ್ಟಿಕಾಸ್ಟ್ ಫಿಲ್ಟರ್ (ಗುಂಪಿಗೆ ಅಂತ ಬಂದ ಪ್ಯಾಕೆಟ್‌ಗಳಲ್ಲಿ ಯಾವ್ದು ಒಳಗೆ ತಗೋಬೇಕು ಅನ್ನೋದು), ರಿಂಗ್‌ಗಳ (ಮೆಮೊರಿಯಲ್ಲಿರೋ ಪ್ಯಾಕೆಟ್ ಸಾಲುಗಳ) ಬೇಸ್ ಅಡ್ರೆಸ್, ಇಂಟರಪ್ಟ್ ಮಾಸ್ಕ್ (ಯಾವ ಇಂಟರಪ್ಟ್ ತಡೀಬೇಕು ಅನ್ನೋದು), ಪಿಎಚ್‌ವೈ (ಕೇಬಲ್ ಕಡೆಯ ಸಿಗ್ನಲ್ ನೋಡ್ಕೊಳ್ಳೋ ಭಾಗ) ಸೆಟ್ಟಿಂಗ್, ಇವೆಲ್ಲ ಡ್ರೈವರ್ ತಲೆನೋವು.

ನಿಮ್ ಕೇಸಲ್ಲಿ ಲೈಟ್ ಉರೀತಿದೆ ಅಂದ್ರೆ ಪಿಎಚ್‌ವೈ ತಾನೇ ಆಟೋ ನೆಗೋಶಿಯೇಶನ್ ಮಾಡ್ಕೊಂಡಿದೆ ಅಂತ ಅಷ್ಟೇ ಅರ್ಥ, ಅದಕ್ಕೆ ಜಾಸ್ತಿ ಬೆಲೆ ಕೊಡ್ಬೇಡಿ. ಇವಿಷ್ಟು ಹೇಳಿ: ಎದ್ದ ಮೇಲೆ ಟಿಎಕ್ಸ್ (ಕಳಿಸಿದ್ದು) ಆರ್‌ಎಕ್ಸ್ (ಬಂದಿದ್ದು) ಕೌಂಟರ್ ಎರಡೂ ಏರುತ್ತಾ? ನೆಯ್ಬರ್ ಟೇಬಲ್‌ನಲ್ಲಿ (ಯಾವ ಐಪಿಗೆ ಯಾವ ಮ್ಯಾಕ್ ಅನ್ನೋ ಪಟ್ಟಿ) ರೂಟರ್ ಎದುರು ಏನಿದೆ? ಸಿಸ್ ಪವರ್ ಕೆಳಗೆ ಮೆಮ್_ಸ್ಲೀಪ್ ಫೈಲಲ್ಲಿ ಯಾವುದಕ್ಕೆ ಬ್ರ್ಯಾಕೆಟ್ ಇದೆ, ಎಸ್2ಐಡಲ್‌ಗಾ (ಹಗುರ ನಿದ್ದೆ) ಡೀಪ್‌ಗಾ (ಮೇಲೆ ಹೇಳಿದ ಎಸ್3)?

ನೀಲಿ_ಪರದೆ:
ವಿಂಡೋಸ್ ಆಗಿದ್ರೆ ಡಿವೈಸ್ ಮ್ಯಾನೇಜರ್, ಪವರ್ ಮ್ಯಾನೇಜ್‌ಮೆಂಟ್ ಟ್ಯಾಬ್, ಪವರ್ ಉಳಿಸೋಕೆ ಈ ಡಿವೈಸ್ ಆಫ್ ಮಾಡಬಹುದು ಅನ್ನೋ ಟಿಕ್ ತೆಗೆದ್ರೆ ಅರ್ಧ ಜನಕ್ಕೆ ಸರಿ ಹೋಗುತ್ತೆ 😀 ನಿಮ್ದು ಡ್ಯುಯಲ್ ಬೂಟಾ? ಫಾಸ್ಟ್ ಸ್ಟಾರ್ಟಪ್ ಆನ್ ಇದ್ರೆ ವಿಂಡೋಸ್ ನಿಜವಾಗ್ಲೂ ಶಟ್‌ಡೌನ್ ಆಗಲ್ಲ, ಕರ್ನಲ್ ಸೆಶನ್ ಹೈಬರ್ನೇಟ್ ಮಾಡಿ ಹೋಗುತ್ತೆ, ಆಮೇಲೆ ಲಿನಕ್ಸ್‌ಗೆ ಬಂದ್ರೆ ಕಾರ್ಡ್ ಯಾವ್ದೋ ಅರೆಬರೆ ಸ್ಥಿತೀಲಿ ಸಿಗೋದು ನೋಡಿದೀನಿ.

ಮುಚ್ಚಳ_ಮುಚ್ಚಿದೆ:
ಡ್ಯುಯಲ್ ಬೂಟ್ ಇಲ್ಲ. @ರಿಂಗ್_ಬಫರ್ ಮೇಡಂ, ಬ್ರ್ಯಾಕೆಟ್ ಡೀಪ್‌ಗೆ ಇದೆ. ಕೇಳಿದ್ರಿ ಅಂತ ಎಸ್2ಐಡಲ್‌ಗೆ ಬದಲಾಯಿಸಿ ನೋಡಿದೆ, ಅದರಲ್ಲಿ ಮಲಗಿ ಎದ್ರೆ ನೆಟ್ ಸರಿಯಾಗೇ ಇದೆ! ಡೀಪ್‌ನಲ್ಲಿ ಮಾತ್ರ ಪ್ರಾಬ್ಲಂ. ಇನ್ನೊಂದು ವಿಚಿತ್ರ, ವೇಕ್ ಆನ್ ಲ್ಯಾನ್ ಆನ್ ಮಾಡಿ ಮಲಗಿಸಿದ್ರೆ ಡೀಪ್‌ನಲ್ಲೂ ಪ್ರಾಬ್ಲಂ ಇಲ್ಲ. ಟಿಎಕ್ಸ್ ಏರುತ್ತೆ. ಆರ್‌ಎಕ್ಸ್ ಪೂರ್ತಿ ನಿಂತಿಲ್ಲ, ಆವಾಗಾವಾಗ ಒಂದೆರಡು ಏರುತ್ತೆ ಆಮೆ ಥರ. ನೆಯ್ಬರ್ ಟೇಬಲ್‌ನಲ್ಲಿ ರೂಟರ್ ಎದುರು ಮೊದಲು ಇನ್‌ಕಂಪ್ಲೀಟ್, ಆಮೇಲೆ ಫೇಲ್ಡ್.

ರಿಂಗ್_ಬಫರ್:
ಆಹಾ, ಇದು ಚೆನ್ನಾಗಿದೆ. ಎಸ್2ಐಡಲ್‌ನಲ್ಲಿ ಚಿಪ್‌ನ ಪವರ್ ಕಟ್ ಆಗ್ತಿಲ್ಲ, ವೇಕ್ ಆನ್ ಲ್ಯಾನ್ ಇದ್ರೆ ಎಬ್ಬಿಸೋಕೆ ಬರೋ ಮ್ಯಾಜಿಕ್ ಪ್ಯಾಕೆಟ್‌ಗೆ ಕಾಯೋಕೆ ಆಕ್ಸ್ ಪವರ್ ಮೇಲೆ ಎಚ್ಚರ ಇರುತ್ತೆ, ಎರಡು ಕಡೆನೂ ರಿಜಿಸ್ಟರ್ ಉಳ್ಕೊಳ್ಳುತ್ತೆ. ಪೂರ್ತಿ ಪವರ್ ಹೋದಾಗ ಮಾತ್ರ ಕೈಕೊಡ್ತಿದೆ. ಅಂದ್ರೆ ಪಕ್ಕಾ ಯಾವುದೋ ರಿಜಿಸ್ಟರ್ ವಾಪಸ್ ಬರೀತಿಲ್ಲ. ಇಂಟರಪ್ಟ್ ಬರ್ತಿದೆ, ರಿಂಗ್ ಓಡ್ತಿದೆ, ಇಲ್ಲಾಂದ್ರೆ ಆ ಒಂದೆರಡು ಆರ್‌ಎಕ್ಸೂ ಏರ್ತಿರ್ಲಿಲ್ಲ. ಆ ಒಂದೆರಡು ಬಹುಶಃ ಬ್ರಾಡ್‌ಕಾಸ್ಟು (ಎಲ್ಲರಿಗೂ ಅಂತ ಕಳಿಸಿದ್ದು). ನೀವು ಕಳಿಸೋ ಎಆರ್‌ಪಿ ಪ್ರಶ್ನೆ (ಈ ಐಪಿಯ ಮ್ಯಾಕ್ ಯಾವ್ದು ಅಂತ ಕೇಳೋದು) ಬ್ರಾಡ್‌ಕಾಸ್ಟ್ ಆಗಿ ಹೋಗುತ್ತೆ, ರೂಟರ್ ಉತ್ತರ ಯೂನಿಕಾಸ್ಟ್ ಆಗಿ (ನಿಮ್ ಮ್ಯಾಕ್‌ಗೆ ಮಾತ್ರ) ಬರುತ್ತೆ, ಅದು ಕಾರ್ಡ್ ಬಾಗಿಲಲ್ಲೇ ಬಿದ್ದೋಗ್ತಿದೆ ಅಂತ ನನ್ ಅನುಮಾನ.

ಒಂದ್ ಕೆಲಸ ಮಾಡಿ. ಡೀಪ್‌ನಲ್ಲಿ ಮಲಗಿಸಿ ಎಬ್ಬಿಸಿ, ನೆಟ್ ಸತ್ತಿರುವಾಗ ಟಿಸಿಪಿಡಂಪ್ (ಪ್ಯಾಕೆಟ್ ನೋಡೋ ಟೂಲ್) ಹಾಕಿ, ಪಕ್ಕದ ಟರ್ಮಿನಲ್‌ನಲ್ಲಿ ಪಿಂಗ್ ಮಾಡಿ.

ಮುಚ್ಚಳ_ಮುಚ್ಚಿದೆ:
ಏನ್ ಮೇಡಂ ಇದು ಮಾಟಾನಾ?? ಟಿಸಿಪಿಡಂಪ್ ಓಡ್ತಿರೋವರೆಗೂ ಪಿಂಗ್ ಬರುತ್ತೆ, ಬ್ರೌಸರ್ ಎಲ್ಲಾ ಓಡುತ್ತೆ, ಕಂಟ್ರೋಲ್ ಸಿ ಒತ್ತಿದ ತಕ್ಷಣ ನಿಂತೋಗುತ್ತೆ. ಮತ್ತೆ ಹಾಕಿದ್ರೆ ಮತ್ತೆ ಬರುತ್ತೆ.

ಸುಮ್ನೆ_ರೀಬೂಟ್:
ಹಾಗಾದ್ರೆ ಟಿಸಿಪಿಡಂಪ್ ಬ್ಯಾಕ್‌ಗ್ರೌಂಡಲ್ಲಿ ಬಿಟ್ಬಿಡು, ಪ್ರಾಬ್ಲಂ ಸಾಲ್ವ್ 😂

ರಿಂಗ್_ಬಫರ್:
😂 ಟಿಸಿಪಿಡಂಪ್ ಕಾರ್ಡನ್ನ ಪ್ರಾಮಿಸ್ಕ್ಯುಯಸ್ ಮೋಡ್‌ಗೆ ಹಾಕುತ್ತೆ, ಆಗ ಕಾರ್ಡ್ ಮ್ಯಾಕ್ ಅಡ್ರೆಸ್ ನೋಡದೆ ಬಂದಿದ್ದೆಲ್ಲ ಒಳಗೆ ಬಿಡುತ್ತೆ. ತೆಗೆದ ತಕ್ಷಣ ಮತ್ತೆ ಫಿಲ್ಟರ್ ಶುರು. ಅಂದ್ರೆ ಕಾರ್ಡ್‌ನ ರಿಜಿಸ್ಟರಲ್ಲಿ ಇರೋ ಮ್ಯಾಕ್ ಬೇರೆ, ಕರ್ನಲ್ ಅನ್ಕೊಂಡಿರೋ ಮ್ಯಾಕ್ ಬೇರೆ. ನೀವೇನಾದ್ರೂ ಮ್ಯಾಕ್ ಅಡ್ರೆಸ್ ಬದಲಾಯಿಸಿದ್ದೀರಾ? ಇಥ್‌ಟೂಲ್ ಕಮಾಂಡ್‌ಗೆ ದೊಡ್ಡ ಪಿ ಆಪ್ಷನ್ ಕೊಟ್ರೆ ಫ್ಯಾಕ್ಟರಿಯಿಂದ ಬಂದ ಅಡ್ರೆಸ್ ಹೇಳುತ್ತೆ, ಐಪಿ ಲಿಂಕ್ ಕಮಾಂಡ್ ತೋರ್ಸೋದರ ಜೊತೆ ಹೋಲಿಸಿ ನೋಡಿ. ಹಾಗೇ ಚಿಕ್ಕ ಡಿ ಕೊಟ್ರೆ ರಿಜಿಸ್ಟರ್ ಡಂಪ್ ಬರುತ್ತೆ, ಮಲಗೋ ಮುಂಚೆ ಒಂದು ಎದ್ದ ಮೇಲೆ ಒಂದು ತೆಗೆದು ಡಿಫ್ ಹಾಕಿ.

ಪಿನ್_ಟು_ಪಿನ್:
ಮಧ್ಯ ಬರ್ತಿದೀನಿ ಕ್ಷಮಿಸಿ, ನಾನು ಒಂದು ಬೋರ್ಡ್‌ಗೆ ನೆಟ್‌ವರ್ಕ್ ಡ್ರೈವರ್ ಬರೀತಿದೀನಿ, ಸಸ್ಪೆಂಡ್ ಭಾಗ ಬಾಕಿ ಇದೆ. ಒಂದೊಂದೇ ರಿಜಿಸ್ಟರ್ ನೆನಪಿಟ್ಕೊಳ್ಳೋ ಬದಲು ಮಲಗೋ ಮುಂಚೆ ಇಡೀ ರಿಜಿಸ್ಟರ್ ಸ್ಪೇಸ್ ಒಂದು ಅರೇಗೆ ಕಾಪಿ ಮಾಡ್ಕೊಂಡು, ಎದ್ದ ಮೇಲೆ ಹಾಗೇ ವಾಪಸ್ ಸುರಿದ್ರೆ ಆಗಲ್ವಾ? ಯಾವ್ದೂ ಮರೆಯೋ ಚಾನ್ಸೇ ಇರಲ್ಲ.

ರಿಂಗ್_ಬಫರ್:
ಆಗುತ್ತೆ, ಮಾಡಿರೋರೂ ಇದ್ದಾರೆ. ಎನ್‌ವಿಡಿಯಾ ಎನ್‌ಫೋರ್ಸ್ ಚಿಪ್‌ಗಳ ಫೋರ್ಸ್‌ಡೆತ್ ಡ್ರೈವರ್ ತೆಗೆದು ನೋಡಿ, ಕರ್ನಲ್ ಒಳಗೇ ಇದೆ. ಆದ್ರೆ ಅದು ಏನು ಮಾಡುತ್ತೆ ಅಂತ ಪೂರ್ತಿ ಓದಿ. ಮಲಗೋವಾಗ ಮೊದಲು ತನ್ನ ಕ್ಲೋಸ್ ಫಂಕ್ಷನ್ ಕರೆದು ಎಂಜಿನ್ ನಿಲ್ಸುತ್ತೆ (ಅಲ್ಲೇ ಅಸಹ್ಯ ಅನ್ನೋ ಅರ್ಥದ ಒಂದು ಕಾಮೆಂಟೂ ಇದೆ), ಡಿವೈಸ್ ಡಿಟ್ಯಾಚ್ ಮಾಡುತ್ತೆ, ಆಮೇಲೆ ರಿಜಿಸ್ಟರ್ ಕಾಪಿ. ಎದ್ದಾಗ ಕಾಪಿ ವಾಪಸ್ ಬರೆದು, ಪಿಎಚ್‌ವೈ ಮತ್ತೆ ಇನಿಟ್ ಮಾಡಿ, ಡಿವೈಸ್ ಅಟ್ಯಾಚ್ ಮಾಡಿ, ಮೊದಲು ಓಡ್ತಿದ್ರೆ ಓಪನ್ ಕರೆದು ಮಲ್ಟಿಕಾಸ್ಟ್ ಲಿಸ್ಟ್ ಮತ್ತೆ ಸೆಟ್ ಮಾಡುತ್ತೆ. ಅಂದ್ರೆ ಬರೀ ಕಾಪಿ ನಂಬ್ಕೊಂಡು ಕೂತಿಲ್ಲ.

ಬರೀ ಕಾಪಿ ಯಾಕೆ ಸಾಲಲ್ಲ ಅಂದ್ರೆ ರಿಜಿಸ್ಟರ್ ಅನ್ನೋದು ಮೆಮೊರಿ ಅಲ್ಲ. ಕೆಲವು ಸ್ಟೇಟಸ್ ರಿಜಿಸ್ಟರ್‌ಗೆ 1 ಬರೆದ್ರೆ ಆ ಬಿಟ್ ಕ್ಲಿಯರ್ ಆಗುತ್ತೆ, ಕೆಲವನ್ನ ಓದಿದ್ರೇ ಕ್ಲಿಯರ್ ಆಗುತ್ತೆ, ಕಂಟ್ರೋಲ್ ರಿಜಿಸ್ಟರಲ್ಲಿ ಒಂದು ಬಿಟ್ ಬರೆದ ಕ್ಷಣವೇ ಡಿಎಂಎ (ಕಾರ್ಡ್ ತಾನೇ ನೇರವಾಗಿ ಮೆಮೊರಿ ಓದಿ ಬರೆಯೋದು) ಶುರು ಆಗುತ್ತೆ. ನಿಮ್ ಅರೇಲಿ ಕಂಟ್ರೋಲ್ ರಿಜಿಸ್ಟರ್ ಮೊದಲು ಬಂದು ರಿಂಗ್ ಬೇಸ್ ಅಡ್ರೆಸ್ ಆಮೇಲೆ ಬಂದ್ರೆ, ಮಧ್ಯದ ಆ ಗ್ಯಾಪಲ್ಲಿ ಬಂದ ಪ್ಯಾಕೆಟ್‌ನ ಕಾರ್ಡ್ ಯಾವ ಅಡ್ರೆಸ್‌ಗೆ ಬರೆಯುತ್ತೆ ಹೇಳಿ? ನನ್ ಅಭಿಪ್ರಾಯ ಕೇಳಿದ್ರೆ ಕಾರ್ಡಲ್ಲಿ ಏನಿತ್ತು ಅನ್ನೋದು ಮುಖ್ಯ ಅಲ್ಲ, ಕಾರ್ಡಲ್ಲಿ ಏನಿರ್ಬೇಕು ಅಂತ ಡ್ರೈವರ್‌ಗೆ ಗೊತ್ತಿರ್ಬೇಕು. ಚಿಪ್ ರಿಸೆಟ್ ಮಾಡಿ ಡ್ರೈವರ್ ಹತ್ರ ಇರೋ ಸಾಫ್ಟ್‌ವೇರ್ ಪ್ರತಿಯಿಂದ ಎಲ್ಲಾ ಹೊಸದಾಗಿ ಬರೀಬೇಕು.

ಪಿನ್_ಟು_ಪಿನ್:
ಸರಿ ಅರ್ಥ ಆಯ್ತು. ಹಾಗಾದ್ರೆ ಯಾವ ಆರ್ಡರ್‌ನಲ್ಲಿ?

ರಿಂಗ್_ಬಫರ್:
ಚಿಪ್ ಚಿಪ್‌ಗೂ ಸ್ವಲ್ಪ ಬೇರೆ, ಡೇಟಾಶೀಟ್ ನೋಡ್ಕೊಳ್ಳಿ, ಆದ್ರೆ ಮೂಲ ಹೀಗೆ. ಮೊದಲು ಯಾವುದಾದ್ರೂ ಒಂದು ರಿಜಿಸ್ಟರ್ ಓದಿ, ಎಲ್ಲಾ ಬಿಟ್ಟೂ 1, ಅಂದ್ರೆ ಬರೀ ಎಫ್ ಎಫ್ ಎಫ್ ಅಂತ ಬಂದ್ರೆ ಕಾರ್ಡ್ ಬಸ್ ಮೇಲೆ ಇನ್ನೂ ಉತ್ತರಾನೇ ಕೊಡ್ತಿಲ್ಲ, ಅಲ್ಲೇ ಎರರ್ ಕೊಟ್ಟು ನಿಲ್ಲಿ, ಮುಂದಕ್ಕೆ ಹೋದ್ರೆ ಕಸದ ಮೇಲೆ ಕೆಲಸ ಮಾಡಿದ ಹಾಗೆ. ಉತ್ತರ ಬಂದ್ರೆ ರಿಸೆಟ್, ಪಿಎಚ್‌ವೈ, ಮ್ಯಾಕ್ ಅಡ್ರೆಸ್, ರಿಂಗ್‌ಗಳನ್ನ ಖಾಲಿ ಮಾಡಿ ಹೆಡ್ ಟೇಲ್ ಎರಡೂ ಸೊನ್ನೆಗೆ ತಂದು ಬೇಸ್ ಬರೀರಿ, ಫಿಲ್ಟರು ವಿಲ್ಯಾನು, ಆಮೇಲೆ ಆರ್‌ಎಕ್ಸ್ ಟಿಎಕ್ಸ್ ಆನ್, ಪೆಂಡಿಂಗ್ ಇಂಟರಪ್ಟ್ ಕ್ಲಿಯರ್ ಮಾಡಿ ಮಾಸ್ಕ್ ತೆಗೀರಿ, ಕೊನೇಗೆ ನೆಟಿಫ್ ಡಿವೈಸ್ ಅಟ್ಯಾಚ್. ಅಟ್ಯಾಚ್ ಮೊದಲೇ ಮಾಡಿದ್ರೆ ಮೇಲಿನ ಸ್ಟ್ಯಾಕ್ ಪ್ಯಾಕೆಟ್ ತಂದು ಸುರಿಯೋಕೆ ಶುರು ಮಾಡುತ್ತೆ, ರಿಂಗೇ ರೆಡಿ ಇರಲ್ಲ. (ಫೋರ್ಸ್‌ಡೆತ್ ಅಟ್ಯಾಚ್ ಮೊದಲು ಮಾಡುತ್ತಲ್ಲ ಅಂತ ಕೇಳ್ಬೇಡಿ, ಹಳೇ ಡ್ರೈವರ್‌ನಿಂದ ಎಲ್ಲಾ ಕಲೀಬೇಕು ಅಂತಿಲ್ಲ.)

ಇಂಟರಪ್ಟ್ ಲೈನ್ ಬೇರೆ ಡಿವೈಸ್ ಜೊತೆ ಶೇರ್ ಆಗಿದ್ರೆ ಇನ್ನೊಂದು ಬಲೆ ಇದೆ. ನಿಮ್ ಕಾರ್ಡ್ ಮಲಗಿರುವಾಗ ಪಕ್ಕದ ಡಿವೈಸ್ ಇಂಟರಪ್ಟ್ ಕೊಟ್ರೆ ನಿಮ್ ಹ್ಯಾಂಡ್ಲರನ್ನೂ ಕರೀತಾರೆ, ನೀವು ಸ್ಟೇಟಸ್ ಓದ್ತೀರ, ಎಲ್ಲಾ 1 ಬರುತ್ತೆ, ಓಹೋ ಎಲ್ಲಾ ಇಂಟರಪ್ಟೂ ಒಟ್ಟಿಗೆ ಬಂದಿದೆ ಅನ್ಕೊಂಡು ಇಲ್ಲದ ಪ್ಯಾಕೆಟ್ ಹುಡುಕೋಕೆ ಹೋಗ್ತೀರ. ಹ್ಯಾಂಡ್ಲರ್‌ನ ಮೊದಲ ಸಾಲಲ್ಲೇ ಎಲ್ಲಾ 1 ಬಂದ್ರೆ ನನ್ದಲ್ಲ ಅಂತ ವಾಪಸ್ ಬಂದ್ಬಿಡಿ.

ಹಾಗೇ ಓಪನ್, ರೆಸ್ಯೂಮ್, ಟಿಎಕ್ಸ್ ಟೈಮೌಟ್ ಆದಾಗ ಮಾಡೋ ರಿಸೆಟ್, ಮೂರಕ್ಕೂ ಒಂದೇ ಇನಿಟ್ ಫಂಕ್ಷನ್ ಇರ್ಲಿ. ರೆಸ್ಯೂಮ್‌ಗೆ ಅಂತ ಬೇರೆ ಕಾಪಿ ಬರೆದ್ರೆ ಆರು ತಿಂಗಳಲ್ಲಿ ಯಾರೋ ಒಬ್ರು ಓಪನ್‌ನಲ್ಲಿ ಒಂದು ಸಾಲು ಸೇರಿಸ್ತಾರೆ, ರೆಸ್ಯೂಮಲ್ಲಿ ಸೇರಿಸೋದು ಮರೀತಾರೆ.

ತಂತಿ_ತಜ್ಞ:
ಲಾಕ್ ಬಗ್ಗೆ ಯಾರೂ ಹೇಳ್ಲಿಲ್ಲ. ಸಿಸ್ಟಮ್ ರೆಸ್ಯೂಮ್‌ನಲ್ಲಿ ಆರ್‌ಟಿಎನ್‌ಎಲ್ ಲಾಕ್ (ನೆಟ್‌ವರ್ಕ್ ಸೆಟ್ಟಿಂಗ್‌ನ ಒಂದು ಸಲಕ್ಕೆ ಒಬ್ರೇ ಬದಲಾಯಿಸ್ಲಿ ಅಂತ ಇರೋ ಬೀಗ) ಹಿಡ್ಕೊಂಡು ಓಪನ್ ಕೆಲಸ ಮಾಡೋದು ಸರಿ. ಆದ್ರೆ ಅದೇ ಫಂಕ್ಷನ್‌ನ ರನ್‌ಟೈಮ್ ರೆಸ್ಯೂಮ್‌ಗೂ (ಮಷೀನ್ ಎಚ್ಚರ ಇರುವಾಗ್ಲೇ ಕಾರ್ಡ್ ಮಾತ್ರ ಮಲಗಿ ಏಳೋದು) ಕೊಟ್ರೆ ಕೆಟ್ರಿ. ಯಾರೋ ಆಗ್ಲೇ ಆರ್‌ಟಿಎನ್‌ಎಲ್ ಹಿಡ್ಕೊಂಡು ಇಂಟರ್‌ಫೇಸ್ ಅಪ್ ಮಾಡ್ತಿರ್ತಾರೆ, ಅದು ಕಾರ್ಡ್ ಎಬ್ಬಿಸುತ್ತೆ, ಎಬ್ಬಿಸೋ ಫಂಕ್ಷನ್ ಮತ್ತೆ ಅದೇ ಲಾಕ್ ಕೇಳುತ್ತೆ, ಡೆಡ್‌ಲಾಕ್. ಇಂಟೆಲ್‌ನ ಐಜಿಬಿ ಡ್ರೈವರ್‌ನಲ್ಲಿ ಇದೇ ಆಗಿ ಆಮೇಲೆ ಸರಿ ಮಾಡಿದ್ರು.

ಡಾಂಗಲ್_ದಾಸ:
ನನ್ದು ಯುಎಸ್‌ಬಿ ಲ್ಯಾನ್ ಅಡಾಪ್ಟರ್, ಎದ್ದ ಮೇಲೆ ಇಂಟರ್‌ಫೇಸೇ ಹೊಸದಾಗಿ ಬರುತ್ತೆ, ಇದೂ ಅದೇ ರೋಗಾನಾ?

ತಂತಿ_ತಜ್ಞ:
ಅಲ್ಲ, ಅದು ಬೇರೆ. ನಿದ್ದೆಯಲ್ಲಿ ಪೋರ್ಟ್‌ನ ಪವರ್ ಕಟ್ ಆದ್ರೆ ಹಬ್ ಕಣ್ಣಿಗೆ ಡಿವೈಸ್ ಕಿತ್ತು ಮತ್ತೆ ಹಾಕಿದ ಹಾಗೆ ಕಾಣುತ್ತೆ. ಯುಎಸ್‌ಬಿ ಪರ್ಸಿಸ್ಟ್ ಅಂತ ಇದೆ, ಕರ್ನಲ್ ಡಿಸ್ಕ್ರಿಪ್ಟರ್ ಹೋಲಿಸಿ ಅದೇ ಡಿವೈಸ್ ಅಂತ ಗೊತ್ತಾದ್ರೆ ಡ್ರೈವರ್‌ನ ರಿಸೆಟ್ ರೆಸ್ಯೂಮ್ ಕರೆಯುತ್ತೆ. ಡ್ರೈವರಲ್ಲಿ ಆ ಫಂಕ್ಷನ್ ಇಲ್ಲಾಂದ್ರೆ ಬಿಚ್ಚಿ ಮತ್ತೆ ಕಟ್ಟುತ್ತೆ, ನಿಮಗೆ ಹೊಸ ಇಂಟರ್‌ಫೇಸ್ ಕಾಣೋದು ಅದಕ್ಕೇ. ಡಿವೈಸ್‌ನ ಪವರ್ ಫೋಲ್ಡರಲ್ಲಿ ಪರ್ಸಿಸ್ಟ್ ಫೈಲ್ 1 ಇದ್ಯಾ ನೋಡಿ.

ವೈಫೈ ಕಥೆ ಇನ್ನೊಂದು ಥರ, ಅಲ್ಲಿ ಚಿಪ್ ಒಳಗಿನ ಫರ್ಮ್‌ವೇರೇ ಹಾರಿ ಹೋಗಿರುತ್ತೆ, ಎದ್ದ ತಕ್ಷಣ ಡಿಸ್ಕ್‌ನಿಂದ ಓದೋಣ ಅಂದ್ರೆ ಡಿಸ್ಕೇ ಇನ್ನೂ ಎದ್ದಿರಲ್ಲ, ಅದಕ್ಕೇ ಕರ್ನಲ್ ಮಲಗೋ ಮುಂಚೆನೇ ಫರ್ಮ್‌ವೇರ್ ಫೈಲ್‌ನ ರ‍್ಯಾಮಲ್ಲಿ ಕ್ಯಾಶ್ ಮಾಡಿಟ್ಕೊಳ್ಳುತ್ತೆ. ಇಂಟರ್‌ಫೇಸು, ಕೀ, ಸ್ಟೇಷನ್ ಇವನ್ನ ಡ್ರೈವರ್‌ಗೆ ಮತ್ತೆ ಒಪ್ಪಿಸೋ ಕೆಲಸ ಕರ್ನಲ್‌ನ ವೈಫೈ ಪದರ ಮ್ಯಾಕ್80211 ಮಾಡುತ್ತೆ. ಇಥರ್ನೆಟ್ ಡ್ರೈವರ್ ಬರೆಯೋರಿಗೆ ಆ ಭಾಗ್ಯ ಇಲ್ಲ.

ಮುಚ್ಚಳ_ಮುಚ್ಚಿದೆ:
ಸಿಕ್ಕಿಬಿಡ್ತು!! ಹಳೇ ಮಷೀನ್‌ನ ಮ್ಯಾಕ್‌ಗೆ ರೂಟರಲ್ಲಿ ಒಂದು ಫಿಕ್ಸೆಡ್ ಐಪಿ ಕಟ್ಟಿದ್ದೆ, ಅದನ್ನ ಬದಲಾಯಿಸೋ ಬದಲು ಹೊಸ ಲ್ಯಾಪ್‌ಟಾಪ್‌ಗೆ ಹಳೇ ಮ್ಯಾಕ್ ಕೊಟ್ಟಿದ್ದೆ, ಸಿಸ್ಟಮ್‌ಡಿ ಲಿಂಕ್ ಫೈಲಲ್ಲಿ. ಡಿಫ್ ಹಾಕಿ ನೋಡಿದ್ರೆ ಡಂಪ್‌ನ ಮೊದಲ ಆರು ಬೈಟೇ ಬೇರೆ. ಮಲಗೋ ಮುಂಚೆ ನಾನು ಕೊಟ್ಟ ಮ್ಯಾಕ್, ಎದ್ದ ಮೇಲೆ ಫ್ಯಾಕ್ಟರಿ ಮ್ಯಾಕ್! ಅದರ ಕೆಳಗೆ ಇನ್ನೊಂದು ಎಂಟು ಬೈಟು ಮೊದಲು ಏನೇನೋ ಇತ್ತು, ಈಗ ಎಲ್ಲಾ ಸೊನ್ನೆ, ಅದೇನಂತ ಗೊತ್ತಾಗ್ಲಿಲ್ಲ.

ರಿಂಗ್_ಬಫರ್:
ಹಾಂ, ಈಗ ಎಲ್ಲಾ ಕೂಡಿ ಬಂತು. ಪವರ್ ಬಂದಾಗ ಚಿಪ್ ತನ್ನ ಈಪ್ರಾಮ್‌ನಿಂದ (ಪವರ್ ಹೋದ್ರೂ ಅಳಿಯದ ಮೆಮೊರಿ) ಫ್ಯಾಕ್ಟರಿ ಮ್ಯಾಕ್ ತಗೊಳ್ಳುತ್ತೆ, ಡ್ರೈವರ್ ಕರ್ನಲ್ ಹತ್ರ ಇರೋ ಮ್ಯಾಕ್‌ನ ಮತ್ತೆ ಬರೀತಿಲ್ಲ. ಮ್ಯಾಕ್ ಬದಲಾಯಿಸದೇ ಇರೋರಿಗೆ ಎರಡೂ ಒಂದೇ, ಅದಕ್ಕೇ ಬೇರೆ ಯಾರಿಗೂ ಈ ಬಗ್ ಕಾಣ್ಸಿಲ್ಲ. ಮಾಡ್ಯೂಲ್ ಮತ್ತೆ ಹಾಕಿದಾಗ ಡಿವೈಸ್ ಹೊಸದಾಗಿ ಬರುತ್ತೆ, ಯುಡೆವ್ (ಹೊಸ ಡಿವೈಸ್ ಬಂದಾಗ ಸೆಟ್ ಮಾಡೋ ಪ್ರೋಗ್ರಾಂ) ನಿಮ್ ಲಿಂಕ್ ಫೈಲ್ ಓದಿ ಮ್ಯಾಕ್ ಮತ್ತೆ ಹಾಕುತ್ತೆ, ಸರಿಯಾಗುತ್ತೆ. ಡ್ರೈವರ್ ಸೋರ್ಸ್ ನಿಮ್ ಹತ್ರಾನೇ ಇದ್ಯಲ್ಲ, ಮ್ಯಾಕ್ ಬರೆಯೋ ಫಂಕ್ಷನ್ ಯಾವ್ದು ಅಂತ ಹುಡುಕಿ, ಇನಿಟ್‌ನಲ್ಲಿ ರಿಸೆಟ್ ಆದ ಮೇಲೆ, ಆರ್‌ಎಕ್ಸ್ ಆನ್ ಮಾಡೋ ಮುಂಚೆ ಡೆವ್_ಅಡ್ರ್ ಕೊಟ್ಟು ಕರೀರಿ.

ಆ ಎಂಟು ಸೊನ್ನೆ ಮಲ್ಟಿಕಾಸ್ಟ್ ಹ್ಯಾಶ್ ಇರ್ಬೇಕು, 64 ಬಿಟ್ ಟೇಬಲ್ ತುಂಬಾ ಚಿಪ್‌ಗಳಲ್ಲಿ ಇರುತ್ತೆ. ಅದನ್ನೂ ಬಿಡ್ಬೇಡಿ. ಇಂಟರ್‌ಫೇಸ್ ಮಾಮೂಲಿ ದಾರೀಲಿ ಅಪ್ ಆದಾಗ ಡ್ರೈವರ್‌ನ ಓಪನ್ ಮುಗಿದ ಮೇಲೆ ಕರ್ನಲ್ಲೇ ಸೆಟ್ ಆರ್‌ಎಕ್ಸ್ ಮೋಡ್ ಕರೆಯುತ್ತೆ, ಆದ್ರೆ ರೆಸ್ಯೂಮ್‌ನಿಂದ ಡ್ರೈವರ್ ತನ್ನ ಓಪನ್‌ನ ನೇರವಾಗಿ ಕರೆದ್ರೆ ಆ ಹೆಜ್ಜೆ ತಪ್ಪಿ ಹೋಗುತ್ತೆ. ಐಪಿವಿ4 ಓಡ್ತಿರುತ್ತೆ, ಯಾರಿಗೂ ಗೊತ್ತಾಗಲ್ಲ. ಐಪಿವಿ6ನಲ್ಲಿ ರೂಟರ್ ಅಡ್ವರ್ಟೈಸ್‌ಮೆಂಟ್ ಮಲ್ಟಿಕಾಸ್ಟ್ ಆಗಿ ಬರೋದು, ಅದು ಒಳಗೆ ಬರ್ಲಿಲ್ಲ ಅಂದ್ರೆ ಡೀಫಾಲ್ಟ್ ರೂಟ್‌ನ ಆಯಸ್ಸು ಮುಗಿಯುತ್ತೆ. ಸ್ಟ್ಯಾಂಡರ್ಡ್ ಪ್ರಕಾರ ಅದರ ಡೀಫಾಲ್ಟ್ 1800 ಸೆಕೆಂಡು, ಅಂದ್ರೆ ಎದ್ದು ಅರ್ಧ ಗಂಟೆ ಚೆನ್ನಾಗಿದ್ದು ಆಮೇಲೆ ಐಪಿವಿ6 ಸಾಯುತ್ತೆ. ನಿದ್ದೆಗೂ ಇದಕ್ಕೂ ಸಂಬಂಧ ಇದೆ ಅಂತ ಆಗ ಯಾರ್ ಅನ್ಕೋತಾರೆ?

ಮುಚ್ಚಳ_ಮುಚ್ಚಿದೆ:
ನಿಜ ಹೇಳ್ತೀನಿ ಮೇಡಂ, ಐಪಿವಿ6 ಆಗಾಗ ಹೋಗುತ್ತೆ ಅಂತ ರೂಟರ್‌ನೇ ಬೈಕೊಂಡು ಓಡಾಡ್ತಿದ್ದೆ. ಎರಡೂ ಕಾಲ್ ಸೇರಿಸಿದೆ, ಬಿಲ್ಡ್ ಆಯ್ತು. ಟೆಸ್ಟ್ ಮಾಡೋಕೆ ಪ್ರತಿ ಸಲ ಲಿಡ್ ಮುಚ್ಚಿ ತೆಗೀಬೇಕಾ?

ತಂತಿ_ತಜ್ಞ:
ಬೇಡ, ಆರ್‌ಟಿಸಿವೇಕ್ ಬಳಸಿ, ಮೋಡ್ ಮೆಮ್, 30 ಸೆಕೆಂಡ್ ಅಂತ ಕೊಟ್ರೆ ತಾನೇ ಮಲಗಿ ತಾನೇ ಏಳುತ್ತೆ, ಲೂಪಲ್ಲಿ ಹಾಕಿ ಬಿಡಿ. ಪ್ರತಿ ಸಲ ಎದ್ದ ಮೇಲೆ ನಾಲ್ಕೈದು ಸೆಕೆಂಡ್ ಬಿಟ್ಟು ಪಿಂಗ್ ಮಾಡಿ, ಗಿಗಾಬಿಟ್ ನೆಗೋಶಿಯೇಶನ್‌ಗೇ ಒಂದೆರಡು ಸೆಕೆಂಡ್ ಹೋಗುತ್ತೆ, ತಕ್ಷಣ ಪಿಂಗ್ ಮಾಡಿ ಫೇಲ್ ಅಂತ ಬರ್ಕೋಬೇಡಿ. ಪಿಎಂ_ಟೆಸ್ಟ್ ಅಂತಾನೂ ಒಂದು ಫೈಲ್ ಇದೆ, ಡಿವೈಸಸ್ ಅಂತ ಬರೆದು ಮಲಗಿಸಿದ್ರೆ ಡ್ರೈವರ್‌ಗಳ ಸಸ್ಪೆಂಡ್ ಮಾತ್ರ ಓಡಿಸಿ 5 ಸೆಕೆಂಡಲ್ಲಿ ವಾಪಸ್ ಬರುತ್ತೆ, ಕೋಡ್ ಹ್ಯಾಂಗ್ ಆಗುತ್ತಾ ನೋಡೋಕೆ ಒಳ್ಳೇದು. ಆದ್ರೆ ನಿಮ್ ಬಗ್ ಅದರಲ್ಲಿ ಸಿಗದೇ ಇರಬಹುದು, ಯಾಕಂದ್ರೆ ಪ್ಲಾಟ್‌ಫಾರ್ಮ್ ನಿಜವಾದ ಎಸ್3ಗೆ ಇಳಿಯೋದೇ ಇಲ್ಲ, ಚಿಪ್‌ಗೆ ಪವರ್ ಉಳಿದ್ರೆ ರಿಜಿಸ್ಟರೂ ಉಳಿಯುತ್ತೆ.

ಮುಚ್ಚಳ_ಮುಚ್ಚಿದೆ:
ರಾತ್ರಿಯೆಲ್ಲಾ ಲೂಪಲ್ಲಿ ಬಿಟ್ಟಿದ್ದೆ, ಒಂದು ಸಲಾನೂ ಪಿಂಗ್ ತಪ್ಪಿಲ್ಲ. ಡಂಪ್ ಡಿಫ್‌ನಲ್ಲಿ ಈಗ ಕೌಂಟರ್ ಬಿಟ್ರೆ ಬೇರೆ ಏನೂ ವ್ಯತ್ಯಾಸ ಇಲ್ಲ. ಐಪಿವಿ6 ರೂಟೂ ಬೆಳಿಗ್ಗೆ ನೋಡಿದ್ರೆ ಹಾಗೇ ಇದೆ. ಆದ್ರೆ ಮಲಗೋ ಮುಂಚೆ ಓಪನ್ ಇದ್ದ ಎಸ್‌ಎಸ್‌ಎಚ್ ಸೆಶನ್ ಮಾತ್ರ ಒಂದೊಂದು ಸಲ ಎದ್ದ ಮೇಲೆ ಹೆಪ್ಪುಗಟ್ಟಿ ನಿಂತಿರುತ್ತೆ, ಇದಕ್ಕೂ ಡ್ರೈವರೇ ಕಾರಣಾನಾ?

ರಿಂಗ್_ಬಫರ್:
ಇಲ್ಲ, ಅದು ಡ್ರೈವರ್ ತಪ್ಪಲ್ಲ. ನೀವು ಮಲಗಿದ್ದಾಗ ಮಧ್ಯದ ನ್ಯಾಟ್ ಬಾಕ್ಸ್ (ಒಳಗಿನ ಐಪಿನ ಹೊರಗಿನ ಐಪಿಗೆ ಬದಲಾಯಿಸೋದು, ಸಾಮಾನ್ಯವಾಗಿ ರೂಟರೇ) ನಿಮ್ ಕನೆಕ್ಷನ್ ಎಂಟ್ರಿ ಅಳಿಸಿರುತ್ತೆ, ಇಲ್ಲಾಂದ್ರೆ ಆ ಕಡೆ ಸರ್ವರ್ ಕೀಪ್‌ಅಲೈವ್‌ಗೆ ಉತ್ತರ ಬರ್ಲಿಲ್ಲ ಅಂತ ಕಟ್ ಮಾಡಿರುತ್ತೆ. ಕಾರ್ಡ್ ಎಷ್ಟೇ ಸರಿಯಾಗಿ ಎದ್ರೂ ಅದು ವಾಪಸ್ ಬರಲ್ಲ, ಸರ್ವರ್ ಮೇಲೆ ಟಿಮಕ್ಸ್ (ಕನೆಕ್ಷನ್ ಹೋದ್ರೂ ಟರ್ಮಿನಲ್ ಉಳಿಸೋ ಟೂಲ್) ಒಳಗೆ ಕೆಲಸ ಮಾಡಿ, ಕಟ್ ಆದ್ರೆ ಮತ್ತೆ ಕನೆಕ್ಟ್ ಆಗಿ.

ಪಿನ್_ಟು_ಪಿನ್:
ಕೊನೇ ಡೌಟು, ಹೈಬರ್ನೇಟ್‌ಗೂ ಇದೇ ರೆಸ್ಯೂಮ್ ಫಂಕ್ಷನ್ ಸಾಕಾ?

ರಿಂಗ್_ಬಫರ್:
ಸಿಂಪಲ್ ಪಿಎಂ ಆಪ್ಸ್ ಮ್ಯಾಕ್ರೋ ಬಳಸಿದ್ರೆ ನಿಮ್ ಸಸ್ಪೆಂಡ್ ಫಂಕ್ಷನ್‌ನೇ ಫ್ರೀಜ್‌ಗೂ ಪವರ್‌ಆಫ್‌ಗೂ, ರೆಸ್ಯೂಮ್‌ನ ಥಾಗೂ ರಿಸ್ಟೋರ್‌ಗೂ ಹಾಕುತ್ತೆ (ಈ ನಾಲ್ಕೂ ಹೈಬರ್ನೇಟ್‌ನ ಹಂತಗಳು), ಸಾಮಾನ್ಯವಾಗಿ ಸಾಕು. ಒಂದೇ ವ್ಯತ್ಯಾಸ ತಲೇಲಿರ್ಲಿ: ಹೈಬರ್ನೇಟ್‌ನಿಂದ ಬರುವಾಗ ಮೊದಲು ಬೇರೊಂದು ಕರ್ನಲ್ ಬೂಟ್ ಆಗಿ ಇಮೇಜ್ ಲೋಡ್ ಮಾಡುತ್ತೆ, ಅದರೊಳಗೆ ನಿಮ್ ಡ್ರೈವರ್ ಇದ್ರೆ ಕಾರ್ಡ್‌ನ ಅದು ಆಗ್ಲೇ ಮುಟ್ಟಿರುತ್ತೆ. ಕಾರ್ಡ್ ಖಾಲಿ ಇರುತ್ತೆ ಅಂತಾನೂ ನಂಬ್ಬೇಡಿ, ನೀವು ಬಿಟ್ಟ ಹಾಗೇ ಇರುತ್ತೆ ಅಂತಾನೂ ನಂಬ್ಬೇಡಿ. ರಿಸೆಟ್‌ನಿಂದ ಶುರು ಮಾಡಿದ್ರೆ ಎರಡೂ ಕೇಸು ಅದರಲ್ಲೇ ಬರುತ್ತೆ.

ಮುಚ್ಚಳ_ಮುಚ್ಚಿದೆ:
ಪ್ಯಾಚ್ ಡ್ರೈವರ್ ಕೊಟ್ಟೋರಿಗೆ ಕಳಿಸಿದೀನಿ. ಅವ್ರು ತಗೊಳ್ಳೋವರೆಗೂ ಯಾರಿಗಾದ್ರೂ ಬೇಕಿದ್ರೆ ಇಲ್ಲೇ ಕೇಳಿ, ಹಾಕ್ತೀನಿ.

ಸುಮ್ನೆ_ರೀಬೂಟ್:
ನನಗೊಂದು ಕಳ್ಸು ಗುರು, ನನ್ ಸ್ಕ್ರಿಪ್ಟ್ ಹೊಸ ಕರ್ನಲ್ ಬಂದ್ಮೇಲೆ ಯಾಕೋ ಓಡ್ತಿಲ್ಲ